ಡಂಪರ್, ಲೋಡರ್ ಟೈರುಗಳು ಬೇಗ ಹಾಳಾಗುತ್ತಿದ್ದರೆ ಮೊದಲು ಏನು ನೋಡಬೇಕು?

ನಿಮ್ಮ ಡಂಪರ್ ಮತ್ತು ವೀಲ್ ಲೋಡರ್‌ಗಳ ಟೈರುಗಳು ನಿರೀಕ್ಷಿಸಿದ ಗಂಟೆಗಳಿಗಿಂತ ಬಹಳ ಮೊದಲೇ ಕೈಕೊಡುತ್ತಿವೆ, ಎರಡು ಬಾರಿ ಬ್ರಾಂಡ್ ಬದಲಿಸಿದರೂ ಪ್ರಯೋಜನವಾಗಿಲ್ಲ, ಇನ್ನೇನು ಮಾಡಬಹುದು ಎಂದು ಕೇಳಿದ್ದೀರಿ. ಭಾರಿ ಯಂತ್ರಗಳ ಟೈರು ನಿರ್ವಹಣೆಯಲ್ಲೇ ಹಲವು ವರ್ಷ ಕಳೆದಿರುವ ನಾನು ಹೇಳುವುದಿಷ್ಟು: ಮೂರನೆಯ ಬ್ರಾಂಡಿನ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು, ಬಿಚ್ಚಿ ಎಸೆದಿರುವ ಹಳೆಯ ಟೈರುಗಳ ರಾಶಿಯ ಮುಂದೆ ಅರ್ಧ ದಿನ ಕಳೆಯಿರಿ. ಟ್ರೆಡ್ಡಿನ (ನೆಲಕ್ಕೆ ತಾಗುವ ಹೊರಪದರದ) ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತೆಂದೂ, ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆಯಿತ್ತೆಂದೂ, ಒಂದೇ ಅಂಚು ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್ (ನೇರ ಜೋಡಣೆ) ತಪ್ಪಿತ್ತೆಂದೂ ಸಾಮಾನ್ಯವಾಗಿ ತಿಳಿಯಬಹುದು. ಟ್ರೆಡ್ ಚೆನ್ನಾಗಿದ್ದೂ ಒಳಪದರಗಳು ಬಿಟ್ಟುಕೊಂಡಿದ್ದರೆ ಮೊದಲು ಶಾಖವನ್ನು ಅನುಮಾನಿಸಬೇಕು. ನಾನು ಮೊದಲ ಬಾರಿ ಹೀಗೆ ಲೆಕ್ಕ ಹಾಕಿದಾಗ, ಸವೆದು ಮುಗಿದ ಟೈರುಗಳಿಗಿಂತ ಸವೆಯುವ ಮೊದಲೇ ಸತ್ತವುಗಳೇ ಹೆಚ್ಚಾಗಿದ್ದವು.

ಶಾಖದ ಮೂಲ ಬಹುತೇಕ ಗಾಳಿಯ ಕೊರತೆಯಲ್ಲಿರುತ್ತದೆ. ಗಾಳಿ ಕಡಿಮೆಯಾದ ಟೈರಿನ ಬದಿಗೋಡೆ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಮತ್ತು ರಬ್ಬರ್ ಶಾಖವನ್ನು ಸುಲಭವಾಗಿ ಹೊರಗೆ ಬಿಡುವ ವಸ್ತುವಲ್ಲವಾದ್ದರಿಂದ ಆ ಬಿಸಿ ಒಳಗೇ ಕೂಡುತ್ತಾ ಹೋಗಿ ಪದರಗಳ ಬೆಸುಗೆಯನ್ನು ಸಡಿಲಿಸುತ್ತದೆ. ಆದುದರಿಂದ ಕೆಲಸ ಶುರುವಾಗುವ ಮೊದಲು, ಟೈರು ಪೂರ್ತಿ ತಣ್ಣಗಿರುವಾಗ, ಗೇಜಿನಿಂದಲೇ ಒತ್ತಡ ನೋಡಬೇಕು; ಸುತ್ತಿಗೆಯಿಂದ ಬಡಿದು ಸದ್ದು ಕೇಳುವ ಪದ್ಧತಿಯಿಂದ ಪೂರ್ತಿ ಇಳಿದ ಟೈರನ್ನು ಗುರುತಿಸಬಹುದೇ ಹೊರತು ಹತ್ತು ಹದಿನೈದು ಪಿಎಸ್‌ಐ ಕೊರತೆಯನ್ನಲ್ಲ. ಮಧ್ಯಾಹ್ನ ಗೇಜ್ ಹಿಡಿದು, ಒತ್ತಡ ಏರಿದೆಯೆಂದು ಗಾಳಿ ಬಿಡುವವರನ್ನು ನಾನು ಎಷ್ಟೋ ಬಾರಿ ತಡೆದಿದ್ದೇನೆ. ತಣ್ಣಗಿದ್ದಾಗ 100 ಪಿಎಸ್‌ಐ ಇದ್ದ ಟೈರಿನೊಳಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದರೆ ಒತ್ತಡ ಸುಮಾರು 11 ಪಿಎಸ್‌ಐ ಏರುವುದು ಸಹಜ. ಆ ಏರಿಕೆಯನ್ನು ನೋಡಿ ಗಾಳಿಯನ್ನು ಹೊರಬಿಟ್ಟರೆ ಮರುದಿನ ಬೆಳಿಗ್ಗೆ ಅದೇ ಟೈರು ಕೊರತೆಯಿಂದ ಓಡಲು ಶುರುಮಾಡುತ್ತದೆ. ವಾಲ್ವ್ ಮುಚ್ಚಳವನ್ನೂ ಸಣ್ಣದೆಂದು ಕಡೆಗಣಿಸಬೇಡಿ. ಒಂದು ಮರಳಿನ ಕಣ ವಾಲ್ವಿನೊಳಗೆ ಸಿಕ್ಕಿಕೊಂಡರೂ ಸಾಕು, ಗಾಳಿ ನಿಧಾನವಾಗಿ ಸೋರುತ್ತಲೇ ಇರುತ್ತದೆ.

ಡಂಪರ್ ದೂರ ಓಡುವುದಾದರೆ ಟಿಕೆಪಿಎಚ್ ಲೆಕ್ಕವನ್ನೂ ಮಾಡಿ; ಇದು ಟನ್-ಕಿಲೋಮೀಟರ್ ಪ್ರತಿ ಗಂಟೆ, ಅಂದರೆ ಟೈರು ಅತಿಯಾಗಿ ಬಿಸಿಯಾಗದೆ ತಾಳಬಲ್ಲ ಹೊರೆ ಮತ್ತು ವೇಗದ ಗುಣಲಬ್ಧ. ಒಂದು ಟೈರಿನ ಮೇಲೆ ಖಾಲಿ ಬರುವಾಗ 4 ಟನ್, ತುಂಬಿ ಹೋಗುವಾಗ 10 ಟನ್ ಬೀಳುತ್ತಿದ್ದರೆ ಸರಾಸರಿ 7 ಟನ್. ಪಾಳಿಯ ಸರಾಸರಿ ವೇಗ ಗಂಟೆಗೆ 20 ಕಿಲೋಮೀಟರ್ ಆದರೆ ಗುಣಿಸಿದಾಗ 140 ಬರುತ್ತದೆ. ತಯಾರಕರು ಆ ಟೈರಿಗೆ ನೀಡಿರುವ ಅಂಕಿ ಇದಕ್ಕಿಂತ ಕಡಿಮೆಯಿದ್ದರೆ ಹೊರೆಯನ್ನೋ ವೇಗವನ್ನೋ ಇಳಿಸಬೇಕು, ಇಲ್ಲವೇ ಬೇರೆ ಕಾಂಪೌಂಡಿನ (ರಬ್ಬರ್ ಮಿಶ್ರಣದ) ಟೈರು ಹಾಕಬೇಕು. ಕಲ್ಲಿನ ಕೊಯ್ತಕ್ಕೆ ಜಗ್ಗದ ಕಾಂಪೌಂಡ್ ಸಾಮಾನ್ಯವಾಗಿ ಶಾಖ ತಾಳುವುದರಲ್ಲಿ ಹಿಂದೆ ಬೀಳುತ್ತದೆಂಬುದು ಆಯ್ಕೆಯ ವೇಳೆ ನೆನಪಿರಲಿ.

ಲೋಡರಿನ ಕಥೆ ಬೇರೆ. ಅದರ ಶತ್ರು ಚಕ್ರ ನಿಂತಲ್ಲೇ ತಿರುಗುವುದು. ಬಕೆಟನ್ನು ರಾಶಿಗೆ ನುಗ್ಗಿಸಿದ ಕೂಡಲೇ ಸ್ವಲ್ಪ ಎತ್ತಿದರೆ ಭಾರ ಮುಂದಿನ ಚಕ್ರಗಳ ಮೇಲೆ ಬಿದ್ದು ಹಿಡಿತ ಸಿಗುತ್ತದೆ. ಎತ್ತದೆ ಆಕ್ಸಿಲರೇಟರ್ ಮಾತ್ರ ತುಳಿಯುವ ಚಾಲಕನ ಟೈರಿನಡಿಯಲ್ಲಿ ಕಲ್ಲಿನ ಚೂಪು ಅಂಚು ಅರದಂತೆ ಉಜ್ಜುತ್ತದೆ. ನೆಲ ಒದ್ದೆಯಿದ್ದರಂತೂ ಕೇಳಲೇಬೇಡಿ, ಏಕೆಂದರೆ ಒದ್ದೆ ರಬ್ಬರ್ ಒಣ ರಬ್ಬರಿಗಿಂತ ಸುಲಭವಾಗಿ ಕೊಯ್ದುಹೋಗುತ್ತದೆ. ಲೋಡ್ ಮಾಡುವ ಜಾಗದಲ್ಲಿ ನೀರು ನಿಲ್ಲದಂತೆ ನೋಡಿಕೊಂಡು, ಚೆಲ್ಲಿದ ಕಲ್ಲುಗಳನ್ನು ಆಗಾಗ ಬಳಿದು ತೆಗೆಯುವುದು ನನ್ನ ಅನುಭವದಲ್ಲಿ ದುಬಾರಿ ಟೈರಿಗಿಂತ ಹೆಚ್ಚು ಫಲ ಕೊಟ್ಟಿದೆ.

ಜೋಡಿ ಟೈರುಗಳಿರುವಲ್ಲಿ ಹೊಸದನ್ನೂ ಅರೆಸವೆದದ್ದನ್ನೂ ಪಕ್ಕಪಕ್ಕ ಹಾಕಬೇಡಿ; ಎತ್ತರವಿರುವುದೇ ಹೊರೆಯ ಬಹುಪಾಲನ್ನು ಹೊರುತ್ತದೆ. ಎರಡರ ನಡುವೆ ಸಿಕ್ಕಿದ ಕಲ್ಲನ್ನು ಅಂದೇ ತೆಗೆಯಬೇಕು.

ಕೊನೆಯದಾಗಿ, ಟೈರು ಸಿಡಿಯುವ ಅಪಾಯವಿರುವುದರಿಂದ ಇದು ಬಾಳಿಕೆಗಿಂತ ಜೀವದ ಪ್ರಶ್ನೆ. ಶಿಫಾರಸು ಮಾಡಿದ ಒತ್ತಡದ ಶೇ. 80ಕ್ಕಿಂತಲೂ ಕೆಳಗಿಳಿದು ಓಡಿರುವ ಟೈರಿಗೆ ಯಂತ್ರದ ಮೇಲೆಯೇ ಗಾಳಿ ತುಂಬಿಸಬೇಡಿ. ಮೊದಲು ಉಳಿದ ಗಾಳಿಯನ್ನು ಪೂರ್ತಿ ಬಿಟ್ಟು, ಬಿಚ್ಚಿಸಿ, ಒಳಗಿನ ಪದರ ಮತ್ತು ರಿಮ್ಮನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿದ ನಂತರವೇ, ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬಿಸಿ.