ಊದಿದ ಕೈಗೆ ಹಗುರ ಕೈ

ಪ್ರಶ್ನೆ: ನನಗೆ 52 ವರ್ಷ. ಮೂರು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಬಲ ಕಂಕುಳಿನ ಲಿಂಫ್ ಗ್ರಂಥಿಗಳನ್ನೂ ತೆಗೆದರು. ಆರು ತಿಂಗಳಿಂದ ಬಲಗೈ ಊದಿಕೊಂಡಿದೆ. ಲಿಂಫೆಡಿಮಾ ಎಂದು ಹೇಳಿ ಡಾಕ್ಟರ್ ಮಸಾಜ್‌ಗೆ ಕಳಿಸಿದರು. ಅಲ್ಲಿ ನೋಡಿದರೆ ಥೆರಪಿಸ್ಟ್ ಊದಿದ ಕೈಯನ್ನು ಬಿಟ್ಟು ಕುತ್ತಿಗೆ, ಹೊಟ್ಟೆ, ಎಡ ಕಂಕುಳು ಎಂದು ಸುಮ್ನೆ ಸವರುತ್ತಾರೆ. ಒತ್ತುವುದೇ ಇಲ್ಲ. ದುಡ್ಡು ದಂಡ ಅನಿಸುತ್ತಿದೆ. ಮನೆಯಲ್ಲೇ ಮಗಳ ಕೈಯಲ್ಲಿ ಗಟ್ಟಿಯಾಗಿ ತಿಕ್ಕಿಸಿಕೊಂಡರೆ ಆಗದೇ?

ಉತ್ತರ: ದಯವಿಟ್ಟು ಗಟ್ಟಿಯಾಗಿ ತಿಕ್ಕಿಸಿಕೊಳ್ಳಬೇಡಿ. ನಿಮ್ಮ ಥೆರಪಿಸ್ಟ್ ಮಾಡುತ್ತಿರುವುದು ಸರಿಯಾಗಿಯೇ ಇದೆ. ಆದರೆ ಯಾಕೆ ಹೀಗೆ ಮಾಡುತ್ತೇನೆ ಎಂದು ಅವರು ನಿಮಗೆ ಹೇಳಿಲ್ಲ ಅಂತ ಕಾಣುತ್ತದೆ. ಅದು ಮಾತ್ರ ಅವರ ತಪ್ಪು.

ಶಾಲೆಯ ಪುಸ್ತಕದಲ್ಲಿ ದುಗ್ಧರಸ ಎಂದು ಓದಿರುತ್ತೀರಿ, ಅದೇ ಈ ಲಿಂಫ್ ದ್ರವ. ಅದು ಹರಿದುಹೋಗದೆ ನಿಂತು ಬರುವ ಊತವೇ ಲಿಂಫೆಡಿಮಾ. ರಕ್ತನಾಳಗಳಿಂದ ಹೊರಗೆ ಜಿನುಗಿದ ನೀರು, ಪ್ರೋಟೀನು, ಕಸವನ್ನೆಲ್ಲ ಮತ್ತೆ ರಕ್ತಕ್ಕೆ ತಲುಪಿಸುವ ಕೆಲಸ ಲಿಂಫ್ ನಾಳಗಳದು. ಇವುಗಳ ತುದಿಗಳು ಚರ್ಮದ ಕೆಳಗೇ, ತೀರಾ ಮೇಲೆ ಇರುತ್ತವೆ. ಗೋಡೆಯ ದಪ್ಪ ಒಂದೇ ಒಂದು ಜೀವಕೋಶದಷ್ಟು. ಸುತ್ತಲಿನ ಅಂಗಾಂಶಕ್ಕೆ ಅವು ಸಣ್ಣ ಎಳೆಗಳಿಂದ ಅಂಟಿಕೊಂಡಿರುತ್ತವೆ. ಚರ್ಮವನ್ನು ನಯವಾಗಿ ಎಳೆದರೆ ಆ ಎಳೆಗಳೂ ಎಳೆಯುತ್ತವೆ, ನಾಳದ ಬಾಯಿ ತೆರೆಯುತ್ತದೆ, ದ್ರವ ಒಳಗೆ ಹೋಗುತ್ತದೆ. ಗಟ್ಟಿಯಾಗಿ ಒತ್ತಿದರೆ ಅದೇ ನಾಳ ಮುಚ್ಚಿಹೋಗುತ್ತದೆ. ಮೇಲಾಗಿ, ತಿಕ್ಕಿದ ಜಾಗಕ್ಕೆ ರಕ್ತ ಹೆಚ್ಚು ಹರಿದು ಇನ್ನಷ್ಟು ನೀರು ಜಿನುಗುತ್ತದೆ. ಊತ ಇಳಿಸಲು ಹೋಗಿ ಏರಿಸಿಕೊಂಡ ಹಾಗಾಯಿತು, ಅಲ್ವಾ? ಈ ಮಸಾಜ್‌ಗೆ ಸಾಮಾನ್ಯವಾಗಿ ಎಣ್ಣೆಯನ್ನೂ ಹಚ್ಚುವುದಿಲ್ಲ. ಕೈ ಚರ್ಮದ ಮೇಲೆ ಜಾರಬಾರದು, ಚರ್ಮವನ್ನೇ ತನ್ನ ಜೊತೆ ಸರಿಸಬೇಕು.

ಇನ್ನು, ಊದಿದ ಕೈಯನ್ನು ಬಿಟ್ಟು ಕುತ್ತಿಗೆಯಿಂದ ಶುರು ಮಾಡುವುದೇಕೆ? ಮುಂದಿನ ತೂಬು ತೆರೆಯದೆ ಹಿಂದಿನಿಂದ ನೀರು ನೂಕಿದರೆ ಕಾಲುವೆ ಒಡೆಯುತ್ತದೆಯೇ ಹೊರತು ನೀರು ಮುಂದೆ ಹೋಗುವುದಿಲ್ಲ. ಮೈಯ ಲಿಂಫ್ ದ್ರವವೆಲ್ಲ ಕೊನೆಗೆ ಸೇರುವುದು ಕುತ್ತಿಗೆಯ ಬುಡದಲ್ಲಿರುವ ದೊಡ್ಡ ರಕ್ತನಾಳಗಳಿಗೆ. ಆದ್ದರಿಂದ ಮೊದಲು ಅಲ್ಲಿ ದಾರಿ ಬಿಡಿಸುತ್ತಾರೆ. ನಿಮ್ಮ ಬಲ ಕಂಕುಳಿನ ದಾರಿ ಆಪರೇಷನ್‌ನಿಂದ ಕಟ್ಟಿಹೋಗಿದೆ. ಹಾಗಾಗಿ ದ್ರವವನ್ನು ಎದೆಯ ಮೇಲಿಂದ ಎಡ ಕಂಕುಳಿಗೆ, ಪಕ್ಕೆಯ ಮೇಲಿಂದ ಬಲ ತೊಡೆಸಂದಿಗೆ ತಿರುಗಿಸುತ್ತಾರೆ. ಆ ಜಾಗಗಳನ್ನು ಮುಂಚೆಯೇ ಖಾಲಿ ಮಾಡಿಟ್ಟುಕೊಂಡು ಆಮೇಲೆ ತೋಳಿಗೆ ಬರುತ್ತಾರೆ. ತೋಳಿನಲ್ಲೂ ಅಷ್ಟೇ, ಮೊದಲು ಭುಜದ ಹತ್ತಿರ, ಬೆರಳುಗಳು ಕೊನೆಗೆ. ಹೊಟ್ಟೆಯ ಹತ್ತಿರ ಕೈಯಿಟ್ಟು ಆಳವಾಗಿ ಉಸಿರು ತೆಗೆದುಕೊಳ್ಳಿ ಎನ್ನುತ್ತಾರಲ್ಲ, ಅದೂ ಸುಮ್ಮನೆ ಅಲ್ಲ. ಉಸಿರಾಟದ ಏರಿಳಿತ ಒಳಗಿನ ದೊಡ್ಡ ಲಿಂಫ್ ನಾಳವನ್ನು ಹಿಂಡುತ್ತದೆ. ಈ ವ್ಯವಸ್ಥೆಗೆ ಹೃದಯದಂಥ ಪಂಪ್ ಇಲ್ಲ.

ಡೆನ್ಮಾರ್ಕ್‌ನ ಎಮಿಲ್ ವೊಡ್ಡರ್ ಮತ್ತು ಅವರ ಹೆಂಡತಿ ಎಸ್ಟ್ರಿಡ್ ಈ ವಿಧಾನವನ್ನು 1930ರ ದಶಕದಲ್ಲಿ ಫ್ರಾನ್ಸ್‌ನಲ್ಲಿದ್ದಾಗ ರೂಪಿಸಿದರು. ನಾನು ಕಲಿಯುವಾಗ ನನಗೂ ಇದರ ಮೇಲೆ ನಂಬಿಕೆ ಬಂದಿರಲಿಲ್ಲ. ಇಷ್ಟು ಮೆತ್ತಗೆ ಮುಟ್ಟಿದರೆ ಏನಾಗುತ್ತದೆ ಎಂದುಕೊಂಡಿದ್ದೆ. ಅಳತೆ ಟೇಪು ಹಿಡಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಆದರೆ ಒಂದು ಮಾತು ಬಿಚ್ಚಿ ಹೇಳಬೇಕು. ಬರೀ ಮಸಾಜ್ ಮಾಡಿಸಿಕೊಂಡು ಮನೆಗೆ ಬಂದರೆ ನಿಜಕ್ಕೂ ದುಡ್ಡು ದಂಡವೇ. ಇಳಿದ ಊತ ಬಲುಬೇಗ ಮತ್ತೆ ತುಂಬಿಕೊಳ್ಳುತ್ತದೆ. ಅದನ್ನು ಹಿಡಿದಿಡುವುದು ಬ್ಯಾಂಡೇಜ್. ಹೆಚ್ಚು ಹಿಗ್ಗದ ಪಟ್ಟಿಯನ್ನು ಪದರ ಪದರವಾಗಿ ಸುತ್ತುತ್ತಾರೆ. ಕೈ ಆಡಿಸಿದಾಗ ಸ್ನಾಯು ಆ ಪಟ್ಟಿಗೆ ಒತ್ತಿ ದ್ರವವನ್ನು ಮೇಲಕ್ಕೆ ತಳ್ಳುತ್ತದೆ. ಮೊದಲ ಕೆಲವು ವಾರ ದಿನಾ ಮಸಾಜ್, ಬ್ಯಾಂಡೇಜ್, ವ್ಯಾಯಾಮ. ಊತ ಇಳಿದು ಒಂದು ಮಟ್ಟಕ್ಕೆ ನಿಂತ ಮೇಲೆ ಅಳತೆ ಕೊಟ್ಟು ತೋಳಿಗೆ ಕಂಪ್ರೆಷನ್ ಸ್ಲೀವ್, ಅಂದರೆ ಬಿಗಿಯಾಗಿ ಒತ್ತಿ ಹಿಡಿಯುವ ಕವಚ, ತೊಡುವುದು. ನಿಮ್ಮ ಪತ್ರದಲ್ಲಿ ಬ್ಯಾಂಡೇಜ್‌ನ ಸುದ್ದಿಯೇ ಇಲ್ಲ. ಮುಂದಿನ ಸಲ ಹೋದಾಗ ಮೊದಲು ಅದನ್ನು ಕೇಳಿ. ಮಸಾಜ್ ಮತ್ತು ಬ್ಯಾಂಡೇಜ್‌ನಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಬ್ಯಾಂಡೇಜ್ ಎನ್ನುತ್ತೇನೆ, ಮಸಾಜ್ ಮಾಡುವವಳಾಗಿಯೂ.

ಮಗಳ ಸಹಾಯ ಬೇಕೇ ಬೇಕು. ಅವಳನ್ನೂ ಕರೆದುಕೊಂಡು ಹೋಗಿ, ಮನೆಯಲ್ಲಿ ದಿನಾ ಕಾಲು ಗಂಟೆ ಮಾಡುವಂಥದ್ದನ್ನು ಕಲಿಸಲು ಥೆರಪಿಸ್ಟ್‌ಗೆ ಹೇಳಿ. ಚರ್ಮ ಒಡೆಯದ ಹಾಗೆ ಕ್ರೀಮ್ ಹಚ್ಚಿಕೊಳ್ಳಿ. ಈ ಕೈಯಲ್ಲಿ ಸಣ್ಣ ಗೀರಿನಿಂದಲೂ ಸೋಂಕು ಬೇಗ ಹರಡುತ್ತದೆ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಚಳಿ ಬಂದರೆ ಮಸಾಜ್ ನಿಲ್ಲಿಸಿ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ರಕ್ತ ಹೆಪ್ಪುಗಟ್ಟಿದ್ದರೆ, ಹೃದಯ ಸೋತು ಮೈಯಲ್ಲಿ ನೀರು ತುಂಬಿದ್ದರೆ ಈ ಮಸಾಜ್ ಮಾಡಬಾರದು. ಇದ್ದಕ್ಕಿದ್ದಂತೆ ಊತ ಹೆಚ್ಚಾದರೂ ಮೊದಲು ಡಾಕ್ಟರ್‌ಗೆ ತೋರಿಸಿ.

ಪ್ರಶ್ನೆ: ನನಗೆ 34. ದೊಡ್ಡವಳಾದಾಗಿನಿಂದ ಎರಡೂ ಕಾಲು ಸೊಂಟದಿಂದ ಕೆಳಗೆ ದಪ್ಪ, ಪಾದ ಮಾತ್ರ ಸಣ್ಣ. ಮುಟ್ಟಿದರೆ ನೋವು, ಸ್ವಲ್ಪ ತಗುಲಿದರೂ ನೀಲಿಗಟ್ಟುತ್ತದೆ. ಡಯಟ್ ಮಾಡಿದೆ, ಮುಖ ಸೊರಗಿತು, ಕಾಲು ಹಾಗೇ ಇದೆ. ಲಿಪೆಡಿಮಾ ಅಂದರು. ಒಂದು ಕಡೆ 20 ಸಲ ಮಸಾಜ್ ಮಾಡಿಸಿಕೊಂಡರೆ ಕೊಬ್ಬು ಕರಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಸುಳ್ಳು. ಯಾವ ಮಸಾಜೂ ಕೊಬ್ಬು ಕರಗಿಸುವುದಿಲ್ಲ.

ನೀವು ಬರೆದಿರುವುದು ಲಿಪೆಡಿಮಾದ ಲಕ್ಷಣವೇ. ಇದು ಕಾಲುಗಳಲ್ಲಿ ಕೊಬ್ಬು ಅತಿಯಾಗಿ ಸೇರಿಕೊಳ್ಳುವ, ಬಹುತೇಕ ಹೆಂಗಸರಿಗೇ ಬರುವ ತೊಂದರೆ. ಮೈನೆರೆಯುವಾಗ, ಬಸಿರಾದಾಗ ಅಥವಾ ಮುಟ್ಟು ನಿಲ್ಲುವ ಹೊತ್ತಿಗೆ ಶುರುವಾಗುವುದು ಜಾಸ್ತಿ. ಅಮೆರಿಕದ ಇಬ್ಬರು ವೈದ್ಯರು 1940ರಲ್ಲೇ ಇದರ ಬಗ್ಗೆ ಬರೆದರು. ಆದರೂ ಇವತ್ತಿಗೂ "ಕಡಿಮೆ ತಿನ್ನಮ್ಮ" ಎಂದು ವಾಪಸ್ ಕಳಿಸುವವರಿದ್ದಾರೆ. ನಿಮ್ಮ ಕಾಲು ಇಳಿಯದೇ ಇರುವುದು ನಿಮ್ಮ ತಪ್ಪಲ್ಲ.

ಕಾಲಿನ ಲಿಂಫೆಡಿಮಾದಲ್ಲಿ ಸಾಮಾನ್ಯವಾಗಿ ಪಾದವೂ ಊದುತ್ತದೆ. ಹೆಬ್ಬೆರಳ ಪಕ್ಕದ ಬೆರಳಿನ ಬುಡದಲ್ಲಿ ಚರ್ಮವನ್ನು ಚಿವುಟಿ ಎತ್ತಲು ಬರುವುದಿಲ್ಲ. ಲಿಪೆಡಿಮಾದಲ್ಲಿ ಎತ್ತಲು ಬರುತ್ತದೆ. ವರ್ಷಗಳು ಕಳೆದಂತೆ ಎರಡೂ ಸೇರಿಕೊಳ್ಳಬಹುದು, ಅದಕ್ಕೇ ನೋಡಿಸಿಕೊಳ್ಳುತ್ತಿರಿ.

ಹಾಗಾದರೆ ಮಸಾಜ್ ಬೇಡವೇ? ನೋವು, ಕಾಲಿನ ಭಾರ ಕಡಿಮೆಯಾಗಲೆಂದು ಮಾಡಿಸಿಕೊಳ್ಳಿ. ಹಲವರಿಗೆ ಅದರಿಂದ ಹಾಯೆನಿಸುತ್ತದೆ. ಹಗುರವಾಗಿ ಮಾತ್ರ. ನಾದಿ ಹಿಂಡುವ ಮಸಾಜ್‌ನಿಂದ ನಿಮಗೆ ನೀಲಿ ಕಲೆಗಳಷ್ಟೇ ಮಿಗುತ್ತವೆ. ದಿನವಿಡೀ ಕಂಪ್ರೆಷನ್ ಸ್ಟಾಕಿಂಗ್ಸ್ ತೊಡಿ. ಈಜು ಬಂದರೆ ತುಂಬಾ ಒಳ್ಳೆಯದು, ನೀರೇ ಸುತ್ತಲಿಂದ ಕಾಲನ್ನು ಒತ್ತುತ್ತದೆ, ಮಂಡಿಗೂ ಭಾರ ಬೀಳುವುದಿಲ್ಲ. ಈಜು ಬಾರದಿದ್ದರೆ ಎದೆಮಟ್ಟದ ನೀರಿನಲ್ಲಿ ನಡೆದರೂ ಸಾಕು. ಉಪವಾಸ ಬಿದ್ದು ಕಾಲು ಇಳಿಸಲು ಹೋಗಬೇಡಿ, ಆದರೆ ತೂಕ ಏರದಂತೆ ನೋಡಿಕೊಳ್ಳಿ. ಏರಿದರೆ ಲಿಂಫ್ ನಾಳಗಳಿಗೂ ಹೊರೆ. ಕೊಬ್ಬು ತೆಗೆಯಲು ಇರುವುದು ಲಿಪೊಸಕ್ಷನ್, ಅಂದರೆ ಕೊಳವೆಯಿಂದ ಕೊಬ್ಬನ್ನು ಹೀರಿ ತೆಗೆಯುವ ಆಪರೇಷನ್. ಲಿಪೆಡಿಮಾ ಬಲ್ಲ ಸರ್ಜನ್ ಹತ್ತಿರ ಮಾತ್ರ ಅದರ ವಿಚಾರ ಮಾತಾಡಿ.

ಪ್ರಶ್ನೆ: ಲಿಂಫೆಡಿಮಾಗೆ ಮೂತ್ರ ಹೋಗುವ ಮಾತ್ರೆ ತೆಗೆದುಕೊಂಡರೆ ಊತ ಇಳಿಯುವುದಿಲ್ಲವೇ?

ಉತ್ತರ: ಇಳಿಯುವುದಿಲ್ಲ. ಮಾತ್ರೆ ನೀರನ್ನು ಹೊರಹಾಕುತ್ತದೆ, ಪ್ರೋಟೀನು ಅಲ್ಲೇ ಉಳಿದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ. ಆದರೆ ಬಿಪಿಗೋ ಹೃದಯಕ್ಕೋ ಎಂದು ಆ ಮಾತ್ರೆ ಕೊಟ್ಟಿದ್ದರೆ, ಡಾಕ್ಟರ್‌ನ ಕೇಳದೆ ನಿಲ್ಲಿಸಬೇಡಿ.