ಮಳೆ ಇಲ್ಲದಿದ್ರೂ ಟೆಂಟ್ ನೆಲ ಯಾಕೆ ಒದ್ದೆ ಆಗುತ್ತೆ?

ನೀವು ಕೇಳಿರೋದು ಇಷ್ಟು: ಡಿಸೆಂಬರಲ್ಲಿ ಮೂಡಿಗೆರೆ ಹತ್ರ ಒಂದು ತೋಟದಲ್ಲಿ ನಾಲ್ಕು ಜನ ಒಂದೇ ಟೆಂಟಲ್ಲಿ ಮಲಗಿದ್ರಿ, ಒಂದು ಹನಿ ಮಳೆ ಬಂದಿಲ್ಲ, ಆದ್ರೂ ಬೆಳಗ್ಗೆ ಚಾಪೆ ಎತ್ತಿದ್ರೆ ಕೆಳಗೆ ನೀರು, ಬ್ಯಾಗಿನ ತಳ ಒದ್ದೆ, ಮಾರನೇ ರಾತ್ರಿ ಒಳಗಡೆ ಪ್ಲಾಸ್ಟಿಕ್ ಶೀಟ್ ಹಾಸಿದ್ರೂ ಅದೇ ಹಾಡು, ಹಾಗಾಗಿ ತಳ ಸೋರ್ತಿದೆಯಾ, ಇನ್ನೂ ದುಬಾರಿ ವಾಟರ್‌ಪ್ರೂಫ್ ಟೆಂಟ್ ತಗೋಬೇಕಾ ಅಂತ.

ಸದ್ಯಕ್ಕೆ ತಗೋಬೇಡಿ. ನಮ್ಮದೂ ಅದೇ ಕಡೆ ಸಣ್ಣ ಕಾಫಿ ತೋಟ, ಬರೋ ನೆಂಟರು, ಅತಿಥಿಗಳಿಗೆ ಟೆಂಟ್ ಹಾಕಿಕೊಡೋ ಕೆಲಸ ನಂದೇ, ಹಾಗಾಗಿ ಈ ಪ್ರಶ್ನೆ ನಂಗೆ ಹೊಸದಲ್ಲ. ನೀವು ಹೇಳೋ ಲಕ್ಷಣ ನೋಡಿದ್ರೆ ಆ ನೀರು ಬಹುಪಾಲು ನೆಲದಿಂದ ಬಂದಿದ್ದಲ್ಲ, ನಿಮ್ಮ ನಾಲ್ಕು ಜನರ ಉಸಿರು, ಬೆವರಿಂದ ಬಂದಿದ್ದು. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿ ಹಿಡ್ಕೊಳ್ಳುತ್ತೆ, ಅದೇ ಗಾಳಿ 10 ಡಿಗ್ರಿಗೆ ಇಳಿದ್ರೆ 9 ಗ್ರಾಂ ಚಿಲ್ಲರೆ ಅಷ್ಟೇ, ಉಳಿದಿದ್ದು ಎಲ್ಲಾದ್ರೂ ನೀರಾಗಲೇಬೇಕು. ನಮ್ಮ ಕಡೆ ಆ ತಿಂಗಳಲ್ಲಿ ಸಂಜೆಗೇ ಗಾಳಿ ಥಂಡಿ ಹಿಡಿದಿರುತ್ತೆ, 20 ಡಿಗ್ರಿಯಲ್ಲಿ ತೇವಾಂಶ 90 ಪರ್ಸೆಂಟ್ ಇದ್ರೆ ಎರಡು ಡಿಗ್ರಿ ಕೂಡ ಇಳಿಯೋದು ಬೇಡ, ಅಷ್ಟರಲ್ಲೇ ಇಬ್ಬನಿ ಕಟ್ಟೋಕೆ ಶುರು. ಅದರ ಮೇಲೆ ನಾಲ್ಕು ಜನ ಜಿಪ್ ಹಾಕ್ಕೊಂಡು ರಾತ್ರಿಯಿಡೀ ಉಸಿರಾಡಿದ್ರೆ ಕೇಳೋದೇ ಬೇಡ.

ತೋಟದ ಕಣದಲ್ಲಿ ಇದನ್ನ ಕಣ್ಣಾರೆ ನೋಡಬಹುದು. ಕಾಫಿ ಹಣ್ಣು ಒಣಗಿಸೋವಾಗ ಸಂಜೆ ರಾಶಿ ಮಾಡಿ ಟಾರ್ಪಲ್ ಮುಚ್ತೀವಿ, ಹಣ್ಣು ಇನ್ನೂ ಹಸಿ ಇದ್ರೆ ಬೆಳಗ್ಗೆ ಟಾರ್ಪಲ್ ಎತ್ತಿದ ತಕ್ಷಣ ಒಳಮೈ ತುಂಬ ಹನಿ ಸಾಲುಗಟ್ಟಿ ನಿಂತಿರುತ್ತೆ, ಒಂದು ಮೂಲೆ ಎತ್ತಿದ್ರೆ ಎಲ್ಲ ಹರಿದು ರಾಶಿ ಮೇಲೇ ಬೀಳುತ್ತೆ. ಟಾರ್ಪಲ್ ತೂತಾಗಿರಲ್ಲ, ಹೊರಗಿನ ನೀರೂ ಬಂದಿರಲ್ಲ. ಟೆಂಟಲ್ಲೂ ಆಗೋದು ಇದೇನೇ, ಗೋಡೆ ಮೇಲೆ ಕಟ್ಟಿದ ಹನಿ ಜಾರಿ ನೆಲಕ್ಕೆ ಬರುತ್ತೆ, ಇನ್ನು ಚಾಪೆ ಕೆಳಗಿನ ನೆಲ ತಣ್ಣಗಿರುತ್ತೆ, ಮೈಯಿಂದ ಹೊರಟ ಆವಿ ಚಾಪೆ ಸಂದಿಯಿಂದ ಇಳಿದು ಅಲ್ಲೇ ನೀರಾಗುತ್ತೆ, ಅಲ್ಲಿ ಗಾಳಿ ಆಡಲ್ಲ ಅಂದ್ಮೇಲೆ ಒಣಗೋದೂ ಇಲ್ಲ. ತಳ ಎಷ್ಟು ಗಟ್ಟಿ ವಾಟರ್‌ಪ್ರೂಫ್ ಇದ್ರೂ ಒಳಗಿನ ನೀರನ್ನ ಒಳಗೇ ಹಿಡಿದಿಟ್ಟುಕೊಳ್ಳುತ್ತೆ ಅಷ್ಟೇ. ದುಬಾರಿ ಟೆಂಟ್ ಬೇಡ ಅಂದಿದ್ದು ಅದಕ್ಕೆ. ನೀವು ಒಳಗೆ ಹಾಸಿದ ಪ್ಲಾಸ್ಟಿಕ್‌ನಿಂದಲೂ ಆಗಿದ್ದು ಇಷ್ಟೇ, ನೀರು ಕೂರೋಕೆ ಇನ್ನೊಂದು ತಣ್ಣನೆ ಜಾಗ.

ನನ್ನ ಮಾತು ನಂಬ್ಬೇಡಿ, ಪರೀಕ್ಷೆ ಮಾಡಿ. ಒಂದಡಿ ಅಗಲದ ಪ್ಲಾಸ್ಟಿಕ್ ತುಂಡನ್ನ ಟೆಂಟ್ ಒಳಗೆ ಒಣ ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಬೆಳಗ್ಗೆ ನೋಡಿ. ಮೇಲ್ಗಡೆ ಹನಿ ಇದ್ದು ಟೇಪ್ ಬಿಚ್ಚಿದಾಗ ಕೆಳಗೆ ಒಣಗಿದ್ರೆ ಅದು ಗಾಳಿಯ ನೀರು. ಕೆಳಗೂ ಒದ್ದೆ ಇದ್ರೆ ತಳದಿಂದ ಜಿನುಗ್ತಿದೆ ಅಂತ ಅರ್ಥ.

ಈಗ ಪರಿಹಾರಕ್ಕೆ ಬರೋಣ, ಇದರಲ್ಲಿ ಮುಕ್ಕಾಲು ಭಾಗ ಜಾಗದ ಮೇಲೇ ಇದೆ. ಹಳ್ಳದ ಪಕ್ಕದ ಗದ್ದೆ ಬಯಲು ನೋಡಿದ್ರೆ ಎಲ್ರಿಗೂ ಆಸೆ, ಕೊಯ್ಲು ಮುಗಿದಿರುತ್ತೆ, ಮಟ್ಟಸವಾಗಿ ಇರುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ಆದ್ರೆ ರಾತ್ರಿ ತಣ್ಣನೆ ಗಾಳಿ ಗುಡ್ಡದಿಂದ ಇಳಿದು ಬಂದು ನಿಲ್ಲೋದೇ ಅಲ್ಲಿ, ಮಂಜು ಮೊದಲು ಕೂರೋದೂ ಅಲ್ಲೇ, ಮಣ್ಣಲ್ಲಿ ಇನ್ನೂ ಪಸೆ ಇರುತ್ತೆ. ಅದರಿಂದ ಒಂದಿಷ್ಟು ಮೇಲೆ, ಇಳಿಜಾರಲ್ಲಿ ಸಿಗೋ ಮಟ್ಟಸ ಜಾಗ ಹುಡುಕಿ, ಸಣ್ಣಗೆ ಗಾಳಿ ಆಡ್ತಿರಬೇಕು, ತಲೆ ಮೇಲೆ ಮರ ಇದ್ರೆ ಇನ್ನೂ ಒಳ್ಳೇದು. ಬಯಲಲ್ಲಿ ಟೆಂಟಿನ ಬಿಸಿ ಎಲ್ಲ ಆಕಾಶಕ್ಕೆ ಹೋಗಿ ಬಟ್ಟೆ ಗಾಳಿಗಿಂತಲೂ ತಣ್ಣಗಾಗುತ್ತೆ, ಮರದ ಕೆಳಗೆ ಅಷ್ಟು ಆಗಲ್ಲ. ಒಣ ಕೊಂಬೆ ಮಾತ್ರ ನೋಡ್ಕೊಳ್ಳಿ, ಸಿಲ್ವರ್ ಓಕ್ ಕೊಂಬೆ ಗಾಳಿಗೆ ಸುಲಭವಾಗಿ ಮುರಿಯುತ್ತೆ. ಮತ್ತೆ ಕಾಡಿನ ಜಾಗ ಆದ್ರೆ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಹಾಕಲೇಬೇಡಿ.

ಆಮೇಲೆ ಗಾಳಿ. ಚಳಿ ಅಂತ ಎಲ್ಲ ಜಿಪ್ ಮುಚ್ಚೋದೇ ತೊಂದರೆಯ ಮೂಲ. ಇಂಬಳ, ಹುಳದ ಭಯ ಇದ್ದೇ ಇರುತ್ತೆ, ಅದಕ್ಕೆ ಸೊಳ್ಳೆಪರದೆ ಜಿಪ್ ಪೂರ್ತಿ ಹಾಕಿ, ಹೊರಗಿನ ಬಟ್ಟೆಯ ಜಿಪ್ ಮಾತ್ರ ಮೇಲ್ಗಡೆ ಒಂದು ಗೇಣು ತೆಗೆದಿಡಿ, ಎದುರು ಬದಿಯ ಕಿಟಕಿಯನ್ನೂ ಅಷ್ಟೇ. ಹೊರ ಹೊದಿಕೆಯ ಹಗ್ಗಗಳನ್ನ ಬ್ಯಾಗಲ್ಲೇ ಬಿಡದೆ ಬಿಗಿಯಾಗಿ ಎಳೆದು ಗೂಟ ಹೊಡೀರಿ, ಎರಡು ಬಟ್ಟೆ ಒಂದಕ್ಕೊಂದು ತಾಗಿದ್ರೆ ತಾಗಿದ ಜಾಗದಲ್ಲೆಲ್ಲ ನೀರು ಒಳಗೆ ಇಳಿಯುತ್ತೆ. ಒದ್ದೆ ಶೂ, ಟವೆಲ್, ಜರ್ಕಿನ್ ಹೊರಗಿರಲಿ. ನಾಲ್ಕು ಜನರ ಟೆಂಟ್ ಅಂತ ಬರೆದಿದ್ರೂ ಇಬ್ಬರು ಮೂವರಿಗಿಂತ ಜಾಸ್ತಿ ಮಲಗಬೇಡಿ, ಮೈ, ಹೊದಿಕೆ ಗೋಡೆಗೆ ತಾಗದ ಹಾಗೆ ಇರಬೇಕು.

ಒಂದು ವಿಷಯ ಬೇಡ್ಕೊಂಡು ಹೇಳ್ತೀನಿ. ಬೆಚ್ಚಗಾಗ್ಲಿ ಅಂತ ಕೆಂಡದ ಬಾಂಡ್ಲಿ ಒಳಗೆ ತರೋದು, ಒಳಗೇ ಗ್ಯಾಸ್ ಸ್ಟೌ ಹಚ್ಚೋದು ಮಾಡಲೇಬೇಡಿ ಮಾರಾಯ್ರೆ. ಒಂದು ಕೆಜಿ ಗ್ಯಾಸ್ ಉರಿದ್ರೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಬರುತ್ತೆ, ಅದು ಬಿಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ. ಚಳಿ ತಡೆಯೋಕಾಗದಿದ್ರೆ ಇನ್ನೊಂದು ಕಂಬಳಿ ಕೇಳಿ, ಯಾವ ತೋಟದವ್ರೂ ಇಲ್ಲ ಅನ್ನಲ್ಲ.

ಹಾಸೋದಕ್ಕೆ ಬಟ್ಟೆ ಚಾಪೆ ಬದಲು ಹತ್ತು ಎಂಎಂ ದಪ್ಪದ ಫೋಮ್ ಮ್ಯಾಟ್ ತಗೊಳ್ಳಿ, ಅದು ನೀರು ಹೀರಲ್ಲ, ಕೆಳಗೆ ಸ್ವಲ್ಪ ಪಸೆ ಇದ್ರೂ ಹೊದಿಕೆಗೆ ಏರಲ್ಲ. ಗಾಳಿ ತುಂಬೋ ಹಾಸಿಗೆ ಚಳಿಗಾಲಕ್ಕೆ ಆಗಲ್ಲ, ಒಳಗಿನ ಗಾಳಿಯೇ ತಣ್ಣಗಾಗಿ ಬೆನ್ನಿಗೆ ಕೊರೆಯುತ್ತೆ. ಫೋಮ್ ಸಿಗದಿದ್ರೆ ತೋಟದಲ್ಲಿ ಒಣ ಗೋಣಿಚೀಲ ಕೇಳಿ ಚಾಪೆ ಕೆಳಗೆ ಎರಡು ಪದರ ಹಾಸಿ, ಒಂದು ರಾತ್ರಿಗೆ ಚೆನ್ನಾಗಿ ನೀರು ಹೀರುತ್ತೆ, ಬೆಳಗ್ಗೆ ಬಿಸಿಲಿಗೆ ಹಾಕದೆ ಮತ್ತೆ ಹಾಸಬೇಡಿ.

ಜೂನ್‌ನಿಂದ ಸೆಪ್ಟೆಂಬರ್ ಲೆಕ್ಕ ಬೇರೆ. ಆಗ ಮಣ್ಣೇ ನೀರು ಕುಡಿದು ಉಬ್ಬಿರುತ್ತೆ, ಅಗ್ಗದ ಟೆಂಟಿನ ತಳ ಮೊಣಕಾಲು ಊರಿದ ಕಡೆ ನಿಜವಾಗ್ಲೂ ಜಿನುಗುತ್ತೆ. ಆಗ ಟಾರ್ಪಲ್ ಟೆಂಟ್ ಕೆಳಗೆ ಹಾಕಿ, ಆದ್ರೆ ಅಂಚು ಎಲ್ಲೂ ಹೊರಗೆ ಇಣುಕಬಾರದು, ಇಣುಕಿದ್ರೆ ಮಳೆನೀರು ಅದರ ಮೇಲೆ ಬಿದ್ದು ಸೀದಾ ಟೆಂಟ್ ಅಡಿಗೆ ಹರಿಯುತ್ತೆ. ಉಳಿದ ಅಂಚನ್ನ ಒಳಕ್ಕೆ ಮಡಚಿ.

ಹೊರಡೋ ದಿನ ಹಳೇ ಕಾಟನ್ ಬಟ್ಟೆಯಲ್ಲಿ ಒಳಗೆಲ್ಲ ಒರೆಸಿ, ಟೆಂಟನ್ನ ಮಗುಚಿ ತಳ ಬಿಸಿಲಿಗೆ ಕೊಡಿ. ಬಿಸಿಲು ಬರೋಷ್ಟು ಹೊತ್ತು ಇಲ್ಲದಿದ್ರೆ ಬೆಂಗಳೂರಿಗೆ ಹೋದ ದಿನವೇ ಬಾಲ್ಕನಿಯಲ್ಲಿ ಬಿಚ್ಚಿ ಹರಡಿ, ಒದ್ದೆ ಮಡಚಿಟ್ರೆ ಬೂಸ್ಟು ಹಿಡಿಯುತ್ತೆ, ಜೊತೆಗೆ ತಳದ ಒಳಮೈಯ ಕೋಟಿಂಗ್ ವರ್ಷ ಕಳೆದ ಹಾಗೆ ಅಂಟು ಅಂಟಾಗಿ ಸಿಪ್ಪೆ ಏಳುತ್ತೆ. ಒರೆಸೋವಾಗ ಅದನ್ನೂ ಕೈಯಲ್ಲಿ ಮುಟ್ಟಿ ನೋಡಿ. ಸಿಪ್ಪೆ ಏಳೋಕೆ ಶುರುವಾಗಿದ್ರೆ ಮಾತ್ರ ಹೊಸ ಟೆಂಟಿನ ಬಗ್ಗೆ ಯೋಚನೆ ಮಾಡಿ, ಇಲ್ಲಾಂದ್ರೆ ಆ ದುಡ್ಡಲ್ಲಿ ನಾಲ್ಕು ಒಳ್ಳೆ ಮ್ಯಾಟ್ ತಗೊಂಡು ಇದೇ ಟೆಂಟನ್ನೇ ಹಾಕಿ.