ಮೊಣಕಾಲು ಸಿದ್ಧವಾಗಿತ್ತು, ಕೈ ಬೆರಿಂಬಾವ್ ಬಿಡುತ್ತಿರಲಿಲ್ಲ

ಇವರನ್ನು ಸುಧಾ ಎನ್ನೋಣ. ಹೆಸರು, ವಯಸ್ಸು, ಉದ್ಯೋಗ ಬದಲಿಸಿದ್ದೇನೆ; ಬರೆಯಲು ಅವರ ಒಪ್ಪಿಗೆ ಇದೆ. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ, ಸಂಜೆ ಕಾಪೊಯೆರಾ. ಆಫ್ರಿಕಾದಿಂದ ಬ್ರೆಜಿಲ್‌ಗೆ ಗುಲಾಮರಾಗಿ ಹೋದವರ ನಡುವೆ ಬೆಳೆದ ಈ ಕಲೆಯಲ್ಲಿ ಹೊಡೆತ, ಕುಣಿತ, ಹಾಡು ಮೂರೂ ಬೆರೆತಿವೆ. ಆಟ ನಡೆಯುವ ವೃತ್ತಕ್ಕೆ ರೋಡಾ ಎಂದು ಹೆಸರು. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಈ ರೋಡಾ.

ಪೆಟ್ಟು ಬಿದ್ದದ್ದು ಮೇಯಾ ಲುವಾ ಜಿ ಕಂಪಾಸು ಹಾಕುವಾಗ. ಬಗ್ಗಿ ಕೈ ನೆಲಕ್ಕೂರಿ, ಒಂದು ಪಾದದ ಮೇಲೆ ತಿರುಗಿ, ಇನ್ನೊಂದು ಹಿಮ್ಮಡಿಯನ್ನು ಎದುರಾಳಿಯ ತಲೆಯ ಎತ್ತರಕ್ಕೆ ಬೀಸುವ ಒದೆತ ಅದು. ಬೆವರಿದ ಪಾದ ಮ್ಯಾಟಿಗೆ ಕಚ್ಚಿಕೊಂಡಿತು, ದೇಹ ಮಾತ್ರ ತಿರುಗಿತು. ಎಡ ಮೊಣಕಾಲನ್ನು ಒಳಗಿನಿಂದ ಭದ್ರವಾಗಿ ಹಿಡಿದಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾಯಿತು. ಆಟಗಾರರ ಮನಸ್ಸಿನ ತೊಡಕಿಗೆ ಸಲಹೆ ಕೊಡುವ ನನ್ನ ಬಳಿ ಅವರು ಬರುವ ಹೊತ್ತಿಗೆ ಅದಾಗಿ ಹನ್ನೊಂದು ತಿಂಗಳು. ತಿರುಗುವ ಕ್ರೀಡೆಗಳಿಗೆ ಒಂಬತ್ತು ತಿಂಗಳಿಗೆ ಮೊದಲು ಮರಳಬಾರದು, ತೊಡೆಯ ಮುಂಭಾಗದ ಬಲ ಇನ್ನೊಂದು ಕಾಲಿನ 90 ಪ್ರತಿಶತವಾದರೂ ಇರಬೇಕು ಎಂಬ ಲೆಕ್ಕ ಎರಡನ್ನೂ ಅವರು ದಾಟಿದ್ದರು. ಕುಪ್ಪಳಿಸುವ ಪರೀಕ್ಷೆಗಳೂ ಮುಗಿದಿದ್ದವು. ಫಿಸಿಯೋಥೆರಪಿಸ್ಟ್ ಆಟಕ್ಕೆ ಒಪ್ಪಿಗೆ ಕೊಟ್ಟಿದ್ದರು.

"ಆದರೂ ಇಳಿಯಲು ಆಗುತ್ತಿಲ್ಲ ಮೇಡಂ. ಕಾಲು ನನ್ನದಲ್ಲ ಅನ್ನಿಸುತ್ತದೆ."

ಮನೆಯವರು "ಈ ಬೀಳುವ ಆಟ ಸಾಕು, ಯೋಗಕ್ಕೆ ಸೇರು" ಎನ್ನುತ್ತಿದ್ದರಂತೆ. ಯೋಗದಲ್ಲೂ ಮೊಣಕಾಲು ಕೆಡಿಸಿಕೊಂಡವರನ್ನು ನಾನು ನೋಡಿದ್ದೇನೆ, ಆ ಮಾತು ಬೇರೆ.

ಎಸಿಎಲ್ ಗಾಯದ ನಂತರ ಆಟಕ್ಕೆ ಮರಳುವ ಮನಸ್ಸಿನ ಸಿದ್ಧತೆಯನ್ನು ಅಳೆಯಲು ಹನ್ನೆರಡು ಪ್ರಶ್ನೆಗಳ ಒಂದು ಮಾಪಕವಿದೆ. ಸುಧಾ ಅವರಿಗೆ ನೂರಕ್ಕೆ ನಲವತ್ತೂ ಬರಲಿಲ್ಲ. ಅದಕ್ಕಿಂತ ನನ್ನ ಕಿವಿ ನಿಮಿರಿಸಿದ್ದು ಅವರೇ ಸಲೀಸಾಗಿ ಆಡಿ ಮುಂದೆ ಹೋದ ಒಂದು ಮಾತು. ವಿಶ್ರಾಂತಿಯ ಕಾಲದಲ್ಲಿ ತಂಡದಿಂದ ದೂರವಾಗದಿರಲು ಅವರು ವಾದ್ಯ ಹಿಡಿದಿದ್ದರು. ಮೊದಲು ಕಂಜಿರದಂಥ ಪಂಡೇರೊ, ಆಮೇಲೆ ಸೋರೆಬುರುಡೆ ಕಟ್ಟಿದ ಬಿಲ್ಲಿನಂಥ ಒಂಟಿತಂತಿಯ ಬೆರಿಂಬಾವ್, ಈಗ ಗುಂಗಾ. ಗುಂಗಾ ಎಂದರೆ ಬೆರಿಂಬಾವ್‌ಗಳಲ್ಲಿ ದೊಡ್ಡ ಸೋರೆಬುರುಡೆಯದು. ಆಟದ ವೇಗ ಅದರ ಕೈಯಲ್ಲಿ.

"ನೀವು ನುಡಿಸುವಾಗ ಆಟ ಹೇಗಿರುತ್ತದೆ?"

"ನಿಧಾನ ಅಂತ ಎಲ್ಲರೂ ಗೊಣಗುತ್ತಾರೆ." ತುಸು ತಡೆದು, "ಯಾರಾದರೂ ಜೋರಾಗಿ ತಿರುಗಿದರೆ ನನಗೆ ಗೊತ್ತಿಲ್ಲದೆ ಲಯ ಇಳಿಸಿಬಿಡುತ್ತೇನೆ."

ಗಾಯಾಳುವಿಗೂ ವೃತ್ತದಲ್ಲಿ ಗೌರವದ ಜಾಗ ಕೊಡುವುದು ಕಾಪೊಯೆರಾದ ದೊಡ್ಡತನ. ಆರು ತಿಂಗಳು ಆ ಜಾಗವೇ ಇವರನ್ನು ಕಾಪಾಡಿತ್ತು. ಈಗ ಅದೇ ಅಡಗುತಾಣವಾಗಿತ್ತು, ಸಾಲದ್ದಕ್ಕೆ ಎಲ್ಲರೂ ಮೆಚ್ಚುವ ಅಡಗುತಾಣ. ಆದ್ದರಿಂದ ವಾದ್ಯ ಬಿಡಿ ಎಂದು ನಾನು ಹೇಳಲಿಲ್ಲ. ಗುಂಗಾ ಮಾತ್ರ ಬೇರೆಯವರಿಗೆ ಕೊಡಿ ಎಂದೆ. ಪಂಡೇರೊ ಹಿಡಿದರೆ ಬೇರೆಯವರ ವೇಗಕ್ಕೆ ಕೈ ಹೊಂದಿಸಬೇಕಾಗುತ್ತದೆ. ಮೊದಲ ಅಭ್ಯಾಸ ಅದೇ, ಕಾಲಿಗೆ ಕೆಲಸವೇ ಇಲ್ಲ.

ಆಮೇಲೆ ಮನೆಯಲ್ಲಿ ಜಿಂಗಾ, ಅಂದರೆ ಆ ಮೂಲ ತೂಗುನಡೆ, ನಿಧಾನದ ಆಂಗೋಲ ಲಯಕ್ಕೆ. ಬಳಿಕ ನಂಬಿಕೆಯ ಒಬ್ಬ ಜೊತೆಗಾರರೊಂದಿಗೆ, ಯಾವ ಒದೆತ ಬರುತ್ತದೆಂದು ಮೊದಲೇ ಮಾತಾಡಿಕೊಂಡು ಆಟ. ಅದು ಬೇಸರ ತರಿಸಿದ ಮೇಲೆ (ಬೇಸರ ಬರುವುದು ಒಳ್ಳೆಯ ಲಕ್ಷಣ) ಹೇಳದೆ ಬರುವ ಒದೆತಕ್ಕೆ ತಪ್ಪಿಸಿಕೊಳ್ಳುವುದು. ಮೇಯಾ ಲುವಾ ಎಲ್ಲಕ್ಕಿಂತ ಕೊನೆಗೆ, ಫಿಸಿಯೋಥೆರಪಿಸ್ಟ್ ಎದುರಿಗೆ, ಒಣಗಿದ ನೆಲದ ಮೇಲೆ. ಭಯ ಪೂರ್ತಿ ಹೋಗುವವರೆಗೆ ಕಾಯಬೇಡಿ, ಅರ್ಧ ಇಳಿದರೆ ಮುಂದಿನ ಹೆಜ್ಜೆ ಇಡಿ ಎಂದೆ.

ಭಯಕ್ಕೂ ಎಚ್ಚರಿಕೆಗೂ ಗೆರೆ ಎಳೆಯುವುದು ಅವರಿಗೆ ಕಷ್ಟವಾಗಿತ್ತು. ಎದೆ ಬಡಿತ, ಕಾಲು ಬಿಗಿಯುವುದು, ಪೆಟ್ಟು ಬಿದ್ದಾಗಿನ ಸದ್ದು ಮತ್ತೆ ಕೇಳಿದಂತಾಗುವುದು: ಇವುಗಳೊಂದಿಗೆ ಆಡಬಹುದು. ಮೊಣಕಾಲು ಊದಿದರೆ, ಕುಸಿದರೆ, ಸಿಕ್ಕಿಹಾಕಿಕೊಂಡರೆ ಆಟ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು, ನನ್ನ ಬಳಿಯಲ್ಲ.

ಅವರ ಒಪ್ಪಿಗೆಯೊಂದಿಗೆ ತರಬೇತುದಾರರಿಗೂ ಒಂದು ಮಾತು ತಿಳಿಸಿದೆ: ವೃತ್ತದ ನಡುವಿನಿಂದ ಹೆಸರು ಹಿಡಿದು ಕರೆಯಬೇಡಿ, ಚಪ್ಪಾಳೆಯಿಂದ ದೂಡಬೇಡಿ. ಆಟಕ್ಕಿಳಿಯುವವರು ಕೂರುವಂತೆ ಅವರಾಗಿ ಬೆರಿಂಬಾವ್‌ನ ಬುಡಕ್ಕೆ ಬಂದು ಕುಕ್ಕರಗಾಲಲ್ಲಿ ಕೂತ ದಿನ ಎಲ್ಲರಿಗೂ ಸಿಗುವ ಸರದಿಯನ್ನೇ ಕೊಡಿ. ಎರಡು ತಿಂಗಳಾದ ಮೇಲೆ ಸುಧಾ ಕೂತರು, ಆಡಿದರು, ಬೇಗ ಹೊರಬಂದರು. ಮೇಯಾ ಲುವಾ ಇನ್ನೂ ಬಾಕಿ ಇದೆ. ಅವಸರ ಅವರಿಗೂ ಇಲ್ಲ, ನನಗೂ ಇಲ್ಲ.